ನಸುಕಿನ ಅಂಗನವಾಡಿ

ಬೆಲ್ಲದ ಬಾಗೇವಾಡಿ, ತಾ. ಹುಕ್ಕೇರಿ
ಫೆಬ್ರವರಿ ೧, ರವಿವಾರ, ಭಾರತ ಹುಣ್ಣಿಮೆ

ಚಿ. ಸೌ. ಸುಮನಾ,

ನಿನ್ನ ಅತ್ತೆ ಪದ್ಮವ್ವ ಮಾಡುವ ಜೈಭೀಮ. ಸಿಟ್ಟು ಇಳಿದಿದ್ದರೆ ಆಶೀರ್ವಾದವನ್ನೂ ಈಗಲೇ ತೆಗೆದುಕೋ. ಇಳಿದಿಲ್ಲವಾದರೆ ಪತ್ರದ ಕೊನೆಗೆ ಇನ್ನೊಂದು ಇಟ್ಟಿದ್ದೇನೆ, ಅಲ್ಲಿಗೆ ಬರುವಷ್ಟರಲ್ಲಿ ಇಳಿದಿರುತ್ತದೆ. ಮೈಯಲ್ಲಿ ಹೇಗಿದ್ದೀ? ಬೆಂಗಳೂರಿನಲ್ಲಿ ನೀವೆಲ್ಲ ರಸ್ತೆಯ ಬದಿಗೆ ತಾಡಪತ್ರಿ ಹಾಸಿಕೊಂಡು ಮಲಗುತ್ತೀರಿ ಎಂದು ಹತ್ತರಗಿಯ ಅಂಗನವಾಡಿಯ ಆಮ್ರಪಾಲಿ ಹೇಳಿದಳು. ಕಿವಿಗೆ ಅರಿವೆ ಕಟ್ಟಿಕೊಂಡು ಮಲಗು. ಕಿವಿ ಕಟ್ಟಿಕೊಂಡರೆ ಘೋಷಣೆ ಮೆತ್ತಗಾಗುವುದಿಲ್ಲ. ಇನ್ನೊಂದು ಮಾತು, ಪಾಯಖಾನೆಗೆ ಪಾಳಿ ಹಚ್ಚಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನು ಬಿಡಬೇಡ. ಹೋದ ಸಲ ಹಾಗೆ ಮಾಡಿ ಉರಿಮೂತ್ರ ಕಟ್ಟಿಕೊಂಡು ಬಂದೆ. ಆ ಸಲದ ಧರಣಿಯಲ್ಲಿ ನಿನಗೆ ಸಿಕ್ಕದ್ದೂ ಅದೊಂದೇ.

ಇಲ್ಲಿ ನಾವು ಸುಖವಾಗಿದ್ದೇವೆ, ನನ್ನ ಮಂಡಿ ಬಿಟ್ಟು. ದೀಪಾ ದಿನಾ ಶಾಲೆಗೆ ಹೋಗುತ್ತಾಳೆ. ಜಡೆ ನಾನೇ ಹಾಕುತ್ತೇನೆ. 'ಅವ್ವ ಹಾಕಿದಂಗ ಬಿಗಿ ಬರಂಗಿಲ್ಲ ಆಯಿ' ಎಂದು ದಿನಾ ಅನ್ನುತ್ತಾಳೆ, ದಿನಾ ಅದೇ ಜಡೆಯಲ್ಲಿ ಹೋಗುತ್ತಾಳೆ. ನಿನ್ನ ಗಂಡ ಸೂರಜ ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದಾನೆ. ರೊಟ್ಟಿ ಬಡಿಯಲು ಕೂತರೆ ನನಗೆ ಏಳಲು ಆಗುವುದಿಲ್ಲ, ನಿಂತು ಬಡಿದರೆ ಅವನಿಗೆ ಗುಂಡಗೆ ಬರುವುದಿಲ್ಲ. ಒಂದು ದಿನ ಅವನು ಬಡಿದ ರೊಟ್ಟಿಯನ್ನು ದೀಪಾ ಗೋಡೆಗೆ ಹಿಡಿದು, 'ಇದು ಬೆಳಗಾವಿ ಜಿಲ್ಲಾದ ನಕಾಶೆ, ಇಲ್ಲಿ ತೂತು ಬಿದ್ದದ್ದು ಗೋಕಾಕ' ಎಂದು ತೋರಿಸಿದಳು. ಅಂದಿನಿಂದ ಮನೆಯಲ್ಲಿ ಮೂರು ಹೊತ್ತೂ ಅನ್ನ. ನೀನು ಬಂದ ಮೇಲೆ ಇವರಿಬ್ಬರೂ ನಿನ್ನ ರೊಟ್ಟಿಗೆ ಹೆಸರಿಡುವುದಿಲ್ಲ, ಅದು ನನ್ನ ಹೊಣೆ.

ಫೋನು ಇರುವಾಗ ಪತ್ರ ಯಾಕೆ ಎನ್ನುತ್ತೀ. ಮೊನ್ನೆ ಫೋನಿನಲ್ಲಿ ಏನಾಯಿತು ನೆನಪಿದೆಯಲ್ಲ? 'ನಿಮಗ ಯಾರ ಹೇಳಿದ್ರರಿ ಬಾಗಲಾ ತಗೀಯಾಕ? ಇಲ್ಲಿ ನಾ ಮಾರಿ ಎತ್ತಿ ಅಡ್ಡಾಡದಂಗ ಮಾಡೀರಿ' ಎಂದು ಒಂದೇ ಉಸಿರಿಗೆ ಒದರಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ ಮಾಡಿದೆ. ಆಮೇಲೆ ಹಚ್ಚಿದಾಗಲೆಲ್ಲ ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾಳೆ, ಅವಳೂ ನಿಮ್ಮ ಸಂಘದವಳೇ ಇರಬೇಕು. ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಮ್ರಪಾಲಿ ಇವತ್ತು ಸಂಜೆ ಘಟಪ್ರಭಾದಲ್ಲಿ ರೈಲು ಹತ್ತಿ ನಿಮ್ಮನ್ನು ಕೂಡಿಕೊಳ್ಳುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಒತ್ತಕ್ಷರ ನೆಟ್ಟಗೆ ಬಿದ್ದಿದ್ದರೆ ಅದು ದೀಪಾಳ ಕೆಲಸ, ಮಾತು ಚುಚ್ಚಿದರೆ ನನ್ನದು. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀನೊಬ್ಬಳೇ ಓದಿ ಸೆರಗಿಗೆ ಕಟ್ಟಿಕೊಳ್ಳುವುದಲ್ಲ. ಬಾಜೂಕ್ಕೆ ಕೂತವರಿಗೆಲ್ಲ ಓದಿ ಹೇಳಬೇಕು.

ಬಜೆಟ್ಟಿನ ಮುಂಚೆ ಧರಣಿ ಕೂತರೆ ಸರ್ಕಾರದವರು ಮಾತು ಕೇಳುತ್ತಾರೆ ಎಂದು ಜಿಲ್ಲೆಯ ಅಂಗನವಾಡಿಯವರೆಲ್ಲ ಹೊರಟಿರಿ. ಹೋಗುವಾಗ ನೀನು ನಮ್ಮ ಓಣಿಯ ಅಂಗನವಾಡಿಯ ಚಾವಿಯನ್ನು ನನ್ನ ಕೈಗೆ ಕೊಟ್ಟೆ. ನಳ ಇರುವುದು ಒಳಗೆ, ಮೆಂತ್ಯೆಯ ಮಡಿ ಇರುವುದು ಹಿಂದೆ. 'ನೀರ ಅಷ್ಟ ಹಾಕ್ರಿ ಅತ್ತಿ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ' ಎಂದೆ. ನಾನು ಅಷ್ಟೇ ಮಾಡಿದೆ, ಬುಧವಾರದವರೆಗೆ.

ಅಂಗನವಾಡಿಯ ಹಿಂದೆ ಈಶ್ವರನ ಕಬ್ಬು ಇದೆಯಲ್ಲ, ಅಲ್ಲಿ ಕಬ್ಬು ಕಡಿಯುವವರ ಗ್ಯಾಂಗು ಬಂದು ಬಿದ್ದಿದೆ. ಇಂಡಿ ಕಡೆಯವರು. ಹೋದ ತಿಂಗಳು ನಿನ್ನ ಬಾಗಿಲಿಗೆ ಕೂಸು ಎತ್ತಿಕೊಂಡು ಬಂದಿದ್ದಳಲ್ಲ ಯಲ್ಲವ್ವ, ಅವಳ ಗ್ಯಾಂಗು. ಬಾಣಂತಿಗೆ ಕೊಡುವ ಹಿಟ್ಟು ಕೇಳಲು ಬಂದಿದ್ದಳು. ಫೋನು ಮುಖದ ಗುರುತು ಹಿಡಿದರಷ್ಟೇ ಹಿಟ್ಟು ಕೊಡಬೇಕಲ್ಲ, ನೀನು ಫೋನು ಹಿಡಿದು ಅವಳ ಮುಖ ತೋರಿಸಿದೆ, ಫೋನು ಒಲ್ಲೆ ಎಂದಿತು. ಹೆಸರು ಆ ಊರಲ್ಲಿ, ಮುಖ ಈ ಊರಲ್ಲಿ. ಮಸಿ ತೊಳೆದುಕೊಂಡು ಬಾ ಎಂದೆ, ಪಾಪ, ತೊಳೆದುಕೊಂಡು ಬಂದಳು, ಆಗಲೂ ಒಲ್ಲೆ ಎಂದಿತು. 'ಯಕ್ಕಾ, ನಾ ನಾನ ಅದೇನ್ರಿ, ಫೋನಿಗಿ ನೀವಾರ ಹೇಳ್ರಿ' ಎಂದಳು. ಕೊನೆಗೆ ನೀನು ನಮ್ಮ ಮನೆಯ ಡಬ್ಬಿಯ ಹಿಟ್ಟು ಕೊಟ್ಟು ಕಳಿಸಿದೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದೆಯಾ? ಡಬ್ಬಿಯ ತೂಕ ನನ್ನ ಕೈಗೆ ಗೊತ್ತಾಗುತ್ತದೆ. ಏನೂ ಅನ್ನಲಿಲ್ಲ, ಯಾಕೆಂದರೆ ಅದು ಅನ್ನುವಂಥ ಕೆಲಸವಲ್ಲ.

ಕಬ್ಬಿನ ಗ್ಯಾಂಗಿನಲ್ಲಿ ಗಂಡ ಹೆಂಡತಿಯನ್ನು ಇಬ್ಬರು ಎಂದು ಹಿಡಿಯುವುದಿಲ್ಲ. ಇಬ್ಬರೂ ಕೂಡಿ ಒಂದು ಕೊಯ್ತಾ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ, ಮನುಷ್ಯರನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಅವನು ಕಡಿಯಬೇಕು, ಅವಳು ಒಣ ಎಲೆಯ ರವದಿ ಸುಲಿದು, ಪೆಂಡಿ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸಬೇಕು. ಕೂಸಿಗೆ ಮೈ ಕಾದಿದೆ ಎಂದು ಅವಳು ಒಂದು ದಿನ ಗುಡಿಸಲಲ್ಲಿ ಉಳಿದರೆ ಅರ್ಧ ಕೊಯ್ತಾ ಬಂದಿದೆ ಎಂದು ಗ್ಯಾಂಗಿನ ಮೇಲಿನ ಮುಕಾದಮ ಅನ್ನುವುದಿಲ್ಲ, ಕೊಯ್ತಾವೇ ಬಂದಿಲ್ಲ ಎನ್ನುತ್ತಾನೆ. ಬೆಂಗಳೂರಿನ ಮಂದಿಗೆ ಇದನ್ನು ಬಿಡಿಸಿ ಹೇಳು. ಇಬ್ಬರನ್ನು ಒಂದು ಮಾಡಿದ ಈ ಲೆಕ್ಕದಲ್ಲಿ ಕೂಸು ಎಲ್ಲಿ ಕೂಡಬೇಕು? ಅದು ಅಕ್ಕನ ಟೊಂಕದ ಮೇಲೆ ಕೂಡುತ್ತದೆ. ಯಲ್ಲವ್ವನ ಹಿರಿಯ ಮಗಳು ಗುಡ್ಡವ್ವ, ನಮ್ಮ ದೀಪಾಳಿಗಿಂತ ಸ್ವಲ್ಪ ದೊಡ್ಡವಳು. ಊರಿನ ಶಾಲೆಯಲ್ಲಿ ಹೆಸರಿದೆ. ದಸರಾ ಮುಗಿಸಿ ಗ್ಯಾಂಗು ಹೊರಟರೆ ಹೋಳಿ ಹುಣ್ಣಿಮೆಗೆ ತಿರುಗಿ ಊರು. ನಡುವಿನ ಶಾಲೆ ಅವಳಿಗಿಲ್ಲ.

ಬುಧವಾರ ನಸುಕಿನಲ್ಲೇ ನೀರು ಹಾಕಲು ಹೋದೆ. ಇದನ್ನು ನಿನ್ನ ಗಂಡ ನಿನಗೆ ಹೇಳಿರಲಿಕ್ಕಿಲ್ಲ, ನಾನು ಹೇಳುತ್ತೇನೆ. ಗ್ಯಾಂಗು ಆಗಲೇ ಕಬ್ಬಿಗೆ ಇಳಿದಿತ್ತು. ಗುಡ್ಡವ್ವ ತಮ್ಮನನ್ನು ಸೀರೆಯ ಅಂಚಿನಿಂದ ಚಕ್ಕಡಿಯ ಗಾಲಿಗೆ ಕಟ್ಟಿ, ಕೊಡ ತೆಗೆದುಕೊಂಡು ನಮ್ಮ ನಳಕ್ಕೆಂದು ಬಂದು ಬಾಗಿಲಲ್ಲಿ ನನ್ನ ದಾರಿ ಕಾಯುತ್ತಿದ್ದಳು. ಗ್ಯಾಂಗಿನವರು ಕೂಸನ್ನು ಹೀಗೆ ಕಟ್ಟುವುದು ಹೊಸದೇನಲ್ಲ, ಕಟ್ಟದೆ ಬಿಟ್ಟರೆ ಕಡಿದ ಕಬ್ಬಿನ ಕೂಳೆ ಚುಚ್ಚುತ್ತದೆ, ಹುಳ ಹುಪ್ಪಡಿ ಇರುತ್ತದೆ. ಆದರೆ ಆ ಕೂಸು ಗಂಟು ಬಿಡಿಸಿಕೊಂಡಿತ್ತು. ಅಂಬೆಗಾಲಿಟ್ಟು ರವದಿಯೊಳಗೆ ಹೊರಟಿತ್ತು. ಅದೇ ಹೊತ್ತಿಗೆ ಒಂದು ಟ್ರ್ಯಾಕ್ಟರು ಕಬ್ಬು ಹೇರುವ ಟ್ರೇಲರಿನ ಡಬ್ಬಿಯನ್ನು ಹಿಂದಕ್ಕೆ ತರುತ್ತಿತ್ತು. ಹಿಂದೆ ನೋಡಿ ಹೊಡೆ ಎಂದು ನಾನು ಒದರಿದೆ, ಇಂಜಿನಿನ ಸಪ್ಪಳದಲ್ಲಿ ನನ್ನ ಧ್ವನಿ ಎಲ್ಲಿ ಕೇಳಬೇಕು? ಗುಡ್ಡವ್ವ ಕೊಡ ಒಗೆದು ಓಡಿ ಕೂಸಿನ ಕಾಲು ಹಿಡಿದು ಎಳೆದಳು. ಗಾಲಿ ಅದು ಇದ್ದ ಜಾಗದ ಮೇಲೆ ಹಾದು ನಿಂತಿತು. ಡ್ರೈವರ್ ಇಳಿದು ಬಂದ. ಸೂರಜ. ನನ್ನ ಮಗ. ಕೂಸಿನ ಮೊಣಕಾಲು ತರಚಿತ್ತು, ಅಷ್ಟೇ. ಅವನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟ. ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಯಲ್ಲವ್ವ ಬಂದು ಕೂಸಿಗೆ ಹಾಲು ಕುಡಿಸಿದಳು, ಗುಡ್ಡವ್ವನ ಬೆನ್ನಿಗೆ ಒಂದು ಗುದ್ದಿದಳು, ಮತ್ತೆ ಕಬ್ಬಿಗೆ ಹೋದಳು. ಅವಳಿಗೆ ಅಳಲು ಹೊತ್ತಿರಲಿಲ್ಲ.

ನನ್ನ ಕೈಯಲ್ಲಿ ಚಾವಿ ಇತ್ತು. ನಾನು ನೀರು ಹಾಕುವುದನ್ನು ಬಿಟ್ಟು ಬಾಗಿಲು ತೆಗೆದು, ಚಾಪೆ ಹಾಸಿ, ಕೂಸನ್ನು ಒಳಗೆ ತಂದು ಕೂಡಿಸಿಕೊಂಡೆ. ಸಂಘಕ್ಕೆ ಕೇಳಿ ಮಾಡಬೇಕಿತ್ತು ಎನ್ನುತ್ತೀಯಾ?

ಮರುದಿನ ಗ್ಯಾಂಗಿನ ಉಳಿದ ಮಕ್ಕಳು ಬಂದವು. ಅದರ ಮರುದಿನ ಅರಿಷಿಣ ಅಗೆಯಲು ಹೋಗುವ ನಮ್ಮೂರ ಹೆಣ್ಣುಮಕ್ಕಳೂ ಬಂದು ಮಕ್ಕಳನ್ನು ಒಳಗೆ ಬಿಟ್ಟು, 'ಹತ್ತಕ್ಕ ಬಾಗಲಾ ತಗದ್ರ ನಮಗೇನ ಉಪಯೋಗ ಐತಿ ಯಮ್ಮಾ, ಹತ್ತಕ್ಕ ನಾವು ಹೊಲದಾಗ ಅರ್ಧಾ ಸಾಲ ಮುಗಿಸಿರತೇವಿ' ಎಂದು ಹೋದರು. ನೋಡು, ಈ ಮಾತು ನಾನು ಹುಟ್ಟಿಸಿದ್ದಲ್ಲ. ನಿನ್ನ ಅಂಗನವಾಡಿ ಆಫೀಸಿನ ಹೊತ್ತಿಗೆ ಏಳುತ್ತದೆ, ಈ ಊರು ಹೊಲದ ಹೊತ್ತಿಗೆ ಏಳುತ್ತದೆ. ನಡುವಿನ ಹೊತ್ತಿನಲ್ಲಿ ಮಕ್ಕಳನ್ನು ಅಕ್ಕಂದಿರು ಹೊರುತ್ತಾರೆ. ಸರ್ಕಾರದ ಡಬ್ಬಿಗಳನ್ನು ನಾನು ಮುಟ್ಟಿಲ್ಲ, ಅದನ್ನೂ ಓದಿ ಹೇಳು. ನಮ್ಮ ಮನೆಯ ಜೋಳದ ನುಚ್ಚು, ಮಜ್ಜಿಗೆ ಕೊಟ್ಟೆ. ಗ್ಯಾಂಗಿನವರು ಕಬ್ಬು ಕೊಟ್ಟರು, ಅದು ಈಶ್ವರನದು, ಅವನಿಗೆ ಹೇಳಬೇಡ.

ಕೂಸು ನನ್ನ ಹತ್ತಿರ ಉಳಿದದ್ದೇ ತಡ, ದೀಪಾ ಗುಡ್ಡವ್ವನ ಕೈ ಹಿಡಿದು ಶಾಲೆಗೆ ಎಳೆದುಕೊಂಡು ಹೋದಳು. ಕಾಶಿನಾಥ ಮಾಸ್ತರರು ಒಳ್ಳೆಯವರು, 'ಕಾಗದ ಆಮ್ಯಾಲ ನೋಡೂಣು, ಮದ್ಲ ಕೂಡ್ಲಿ' ಎಂದು ದೀಪಾಳ ಬಾಜೂಕ್ಕೇ ಕೂಡಿಸಿದರು. ನಾನು ಮಧ್ಯಾಹ್ನ ಕೂಸನ್ನು ಎತ್ತಿಕೊಂಡೇ ನೋಡಲು ಹೋದೆ. ಮಾಸ್ತರರು ಏನೋ ಕೇಳಿದ್ದಕ್ಕೆ ಆ ಹುಡುಗಿ ಎದ್ದು ನಿಂತಿದ್ದಳು. ಹೇಗೆ ನಿಂತಿದ್ದಳು ಗೊತ್ತೇನು? ಎಡಗಡೆಯ ಟೊಂಕವನ್ನು ಹೊರಗೆ ಚಾಚಿ, ಅದರ ಮೇಲೆ ಕೂಸು ಕೂತಂತೆ. ಟೊಂಕದ ಮೇಲೆ ಯಾರೂ ಇರಲಿಲ್ಲ. ಹುಡುಗರು ನಕ್ಕರು. 'ನೆಟ್ಟಗ ನಿಂದ್ರವಾ' ಎಂದು ಮಾಸ್ತರರು ಮೆತ್ತಗೆ ಹೇಳಿದರು. ಅವಳು ನೆಟ್ಟಗೆ ನಿಂತಳು, ಸ್ವಲ್ಪ ಹೊತ್ತಿಗೆ ಮತ್ತೆ ವಾಲಿದಳು. ಲೆಕ್ಕ ಮಾತ್ರ ಬಿಡಿಸಿದಳು. ಕಬ್ಬಿನ ಪೆಂಡಿ ಎಣಿಸಿ ಎಣಿಸಿ ಲೆಕ್ಕ ಬಂದಿದೆ ಎಂದು ದೀಪಾ ಹೇಳಿದಳು.

ಈಗ ನಿನ್ನ ಸಿಟ್ಟಿನ ಮಾತಿಗೆ ಬರುತ್ತೇನೆ. ಶುಕ್ರವಾರ ನಿಮ್ಮ ಮೇಲಿನ ಸುಪರ್‌ವೈಸರ್ ದಾಕ್ಷಾಯಿಣಿ ಮೇಡಂ ಗಾಡಿಯ ಮೇಲೆ ಬಂದಳು. ಬಾಗಿಲು ತೆರೆದದ್ದು ನೋಡಿ ಬೈಯುತ್ತಾಳೆ ಎಂದು ನಾನು ಸೆರಗು ಬಿಗಿದು ಸಜ್ಜಾದೆ. ಅವಳು ಬೈಯಲಿಲ್ಲ. ಮಕ್ಕಳ ಗಲ್ಲ ಹಿಂಡಿದಳು, ನನ್ನ ಕೈ ಹಿಡಿದಳು. 'ಆಯಿ, ನಮ್ಮ ಮಾನಾ ಉಳಿಸಿದ್ರಿ ನೋಡ್ರಿ. ಒಂದ ಫೋಟೋ ತಗೀತೇನಿ, ಮ್ಯಾಲಿನವರು ನೋಡ್ಲಿ' ಎಂದಳು. ನನಗೆ ಎಷ್ಟು ಖುಷಿಯಾಯಿತು ಎಂದರೆ ಹೇಳಲು ನಾಚಿಕೆ. ಮೇಲಿನವರು ಈ ಫೋಟೋ ನೋಡುತ್ತಾರೆ, ಹೊತ್ತು ಮೂಡುವ ಮುಂಚೆ ಇಷ್ಟು ಮಕ್ಕಳು ಬರುತ್ತಾರೆ ಎಂದು ತಿಳಿಯುತ್ತಾರೆ, ಮುಂಜಾನೆಯ ಅಂಗನವಾಡಿ ಬೇಕು ಎನ್ನುತ್ತಾರೆ, ಇದು ನನ್ನ ಎಣಿಕೆ. ಮಕ್ಕಳ ಮೂಗು ಒರೆಸಿದೆ, ಯಲ್ಲವ್ವನ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡೆ, ನೆಟ್ಟಗೆ ಕೂತು ಹಲ್ಲು ಕಾಣುವಂತೆ ನಕ್ಕೆ. ರೇಷನ್ ಕಾರ್ಡಿನ ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುವ ನಾನು ಇದರಲ್ಲಿ ಚೆನ್ನಾಗಿಯೇ ಬಂದಿದ್ದೇನೆ, ನೀನೂ ನೋಡಿದ್ದೀ.

ಆ ಫೋಟೋದ ಕೆಳಗೆ 'ಮುಷ್ಕರವಿದ್ದರೂ ಅಂಗನವಾಡಿ ಎಂದಿನಂತೆ ನಡೆದಿದೆ' ಎಂದು ಬರೆದು ನಿಮ್ಮ ಇಲಾಖೆಯ ಗ್ರೂಪಿಗೆ ಬಿಟ್ಟಳು. ಅದು ನಿಮ್ಮ ಧರಣಿಯ ಫೋನುಗಳಿಗೆಲ್ಲ ಬಂತು. ಬಾಜೂಕ್ಕೆ ಕೂತವರು ನಿನಗೆ, 'ನೀ ಇಲ್ಲಿ ಗಂಟಲಾ ಹರ್ಕೋತಿ, ನಿಮ್ಮ ಅತ್ತಿ ಅಲ್ಲಿ ಬಾಗಲಾ ತಕ್ಕೊಂಡ ಕುಂತಾಳ' ಎಂದರು ಎಂದು ಆಮ್ರಪಾಲಿ ಫೋನಿನಲ್ಲಿ ಕೇಳಿ ನನಗೆ ಹೇಳಿದಳು. 'ಎಂದಿನಂತೆ' ಎಂದು ಬರೆದಳಲ್ಲ, ಎಂದಿನಂತೆ ನಡೆದಿದ್ದರೆ ನಸುಕಿನಲ್ಲಿ ಆ ಬಾಗಿಲಿಗೆ ಕೀಲಿ ಇರುತ್ತಿತ್ತು. ನಾನು ಮಾಡಿದ ತಪ್ಪು ಇದು: ಬಾಗಿಲು ತೆಗೆದದ್ದಲ್ಲ, ಫೋಟೋಕ್ಕೆ ಕೂತದ್ದು. ನಿನ್ನ ಸಂಘದವರಿಗೆ ನನ್ನ ಹೆಸರಿನಲ್ಲಿ ಇಷ್ಟು ಹೇಳು, ಮುದುಕಿಗೆ ಹೊಲದ ಹುಳ ಗೊತ್ತು, ಫೋನಿನ ಹುಳ ಗೊತ್ತಿರಲಿಲ್ಲ.

ನಿನ್ನೆ ಮೇಡಂ ಮತ್ತೆ ಬಂದಳು. ಈ ಸಲ ಬಾಳೆಹಣ್ಣು ತಂದಿದ್ದಳು, ಆಗಲೇ ತಿಳಿಯಿತು. 'ಆಯಿ, ಸೊಸಿ ಬರೂತನಕಾ ನೀವ ನಡಸ್ರಿ. ನಿಮಗೂ ಏನಾರ ಕೊಡಸ್ತೇನಿ, ಮುಂದ ನೋಡಿ ಕಾಯಂ ಮಾಡೂಣು' ಎಂದಳು. ನಾನು ಕೇಳಿದೆ: 'ಏನ್ರಿ ಮೇಡಂ, ಸೊಸಿ ಕುರ್ಚಿಮ್ಯಾಗ ಅತ್ತಿನ ಕುಂಡ್ರಸಾಕ ಬಂದೇರೇನ? ಊರಾಗ ಅತ್ತಿ ಸೊಸಿ ಜಗಳಾ ಕಮ್ಮಿ ಆಗ್ಯಾವಂತ ಸರ್ಕಾರದಿಂದ ಸಪ್ಲಾಯ್ ಐತೇನ್ರಿ?' ಅವಳು ನಕ್ಕಳು. ಅವಳೂ ಕೆಟ್ಟವಳಲ್ಲ ಸುಮನಾ, ಅವಳ ಫೋನಿಗೂ ಮೇಲಿನಿಂದ ಒಬ್ಬರು ಒದರುತ್ತಿರುತ್ತಾರೆ. 'ಕೂಸುಗಳ ಮ್ಯಾಲ ಇಷ್ಟ ಕಕುಲಾತಿ ಇದ್ದಾಕಿ, ಬಾಗಲಾ ಮುಚ್ಚತೀರೇನ ಮತ್ತ?' ಎಂದು ಹೊಡೆದಳು. ಆ ಮಾತು ನಾಟಿತು. ಆದರೂ ಅವಳೆದುರಿಗೇ ಮಕ್ಕಳನ್ನು ಹೊರಗೆ ಕರೆದು, ಚಾಪೆ ಝಾಡಿಸಿ, ಕೀಲಿ ಹಾಕಿದೆ. ಬಾಳೆಹಣ್ಣು ಮಾತ್ರ ತಿರುಗಿ ಕೊಡಲಿಲ್ಲ, ಮಕ್ಕಳು ಆಗಲೇ ಸಿಪ್ಪೆ ತೆಗೆದಿದ್ದವು.

ಈಗ ಮಕ್ಕಳೆಲ್ಲ ನಮ್ಮ ಓಣಿಯ ಬುದ್ಧ ವಿಹಾರದಲ್ಲಿದ್ದಾರೆ. ಅರಿಷಿಣಕ್ಕೆ ಹೋಗುವ ಮೇಲಿನ ಓಣಿಯವರಲ್ಲಿ ಕೆಲವರು ವಿಹಾರದ ಮೆಟ್ಟಿಲ ತನಕ ಬಂದು ನಿಂತರು. ಅಂಗನವಾಡಿಯಲ್ಲಿ ನನ್ನ ಕೈಯ ನುಚ್ಚು ಉಂಡ ಮಕ್ಕಳು ವಿಹಾರದಲ್ಲಿ ಉಂಡರೆ ಹೇಗೆ ಎಂದು ಅವರ ಕಾಲು ಯೋಚನೆ ಮಾಡುತ್ತಿತ್ತು. ನಾನು ಹೊತ್ತು ಮೂಡುತ್ತಿದೆ ಎಂದು ಪೂರ್ವಕ್ಕೆ ಕೈ ತೋರಿಸಿದೆ. ಕೂಲಿ ಹೋಗುತ್ತದೆಂಬ ಅವಸರದಲ್ಲಿ ಮಕ್ಕಳನ್ನು ನನ್ನ ಕೈಗೆ ಕೊಟ್ಟು ಓಡಿದರು. ಆದರೆ ವಿಹಾರದಲ್ಲಿ ನೀರಿಲ್ಲ, ಪಾಯಖಾನೆ ಇಲ್ಲ, ಮಕ್ಕಳ ಹಿಂದೆ ಓಡಲು ನನಗೆ ಕಾಲಿಲ್ಲ. ಇವತ್ತು ರವಿವಾರ, ದೀಪಾ ಮತ್ತು ಗುಡ್ಡವ್ವ ಹತ್ತಿರ ಇದ್ದಾರೆ, ಅದಕ್ಕೇ ಕೂತು ಬರೆಯಲು ಆಗುತ್ತಿದೆ. ನಾಳೆ ಅವರನ್ನು ಶಾಲೆಗೆ ಕಳಿಸಿ ನಾನೊಬ್ಬಳೇ. ಎಷ್ಟು ದಿನ ನಡೆದೀತು?

ನಿನ್ನೆ ಸಂಜೆ ಈಶ್ವರ ಬಂದಿದ್ದ. ಕಬ್ಬಿನ ಮಾಲಕ, ಮೇಲೆ ಪಂಚಾಯಿತಿ ಮೆಂಬರ. ಮಕ್ಕಳು ಒಳಗಿದ್ದ ದಿನಗಳಲ್ಲಿ ಅವನ ಕಬ್ಬು ಬೇಗ ಬೇಗ ಗಾಡಿ ಏರಿತ್ತು. 'ಪದ್ಮವ್ವಾ, ಕೀಲಿ ತಗೀಬೇ, ಕಡದ ಕಬ್ಬು ಒಣಗಾಕತ್ತೇತಿ' ಎಂದ. ನಾನು ಹೇಳಿದೆ: 'ನಿನ್ನ ಕಬ್ಬ ಒಣಗಿದ್ರ ತೂಕಾ ಕಮ್ಮಿ ಆಕ್ಕೇತಿ ಅಂತ ನಿನಗ ಗೊತ್ತಾಗತೇತಿ, ಕೂಸ ಒಣಗಿದ್ರ ಯಾರ ತೂಕಾ ಮಾಡವರು? ನನಗ ಹೇಳಬ್ಯಾಡ, ಸರ್ಕಾರಕ್ಕ ಹೇಳು. ನಸಿಕಿನ್ಯಾಗ ಅಂಗನವಾಡಿ ತಗೀಬೇಕಂತ ಠರಾವ ಮಾಡು.' ಅವನು ತಲೆ ಕೆರೆದುಕೊಂಡ. ಇವತ್ತು ಮುಂಜಾನೆ ಬಂದು, ಮುಂದಿನ ಸಭೆಯಲ್ಲಿ ತಾನೇ ಠರಾವು ಇಡುತ್ತೇನೆ, ಕಬ್ಬು ಇದ್ದವರೆಲ್ಲ ಕೈ ಎತ್ತುತ್ತಾರೆ ಎಂದು ಹೇಳಿ ಹೋದ. ತನ್ನ ಲಾಭಕ್ಕೇ ಎತ್ತಲಿ, ಕೈ ಕೈಯೇ. ಇಷ್ಟು ದಿನ ನೀವು ಅವನಂಥವರನ್ನು ಕೇಳದೆ ಇದ್ದದ್ದು ನಿಮ್ಮ ತಪ್ಪು.

ಈಗ ನೀನು ಏನು ಹೇಳುತ್ತೀ ಎಂಬುದು ನನಗೆ ಗೊತ್ತು. 'ಅತ್ತಿ, ಮನಿ ಎಣಸೂದು ನಾವು, ವೋಟಿನ ಪಟ್ಟಿ ಮಾಡೂದು ನಾವು, ಬಸರಿ ಬಾಣಂತಿ ತೂಕಾ ನೋಡೂದು ನಾವು, ಈಗ ಕೋಳಿಕಿಂತ ಮೊದಲ ಏಳೂದೂ ನಾವ ಏನ್ರಿ?' ಅಲ್ಲ. ನಿನ್ನನ್ನು ಬೇಗ ಎಬ್ಬಿಸಲಿ ಎಂದು ನಾನು ಹೇಳುತ್ತಿಲ್ಲ, ನೀನು ನಸುಕಿನಲ್ಲಿ ಎದ್ದು ಹೋದರೆ ದೀಪಾಳ ಜಡೆ ಮತ್ತೆ ನನ್ನ ಪಾಲಿಗೇ. ನಸುಕಿಗೆ ಒಬ್ಬಳನ್ನು ಬೇರೆ ಇಡಲಿ, ಅವಳಿಗೂ ಪಗಾರ ಕೊಡಲಿ, ಗೌರವಧನ ಎಂದು ಹೆಸರಿಟ್ಟ ಚಿಲ್ಲರೆ ಅಲ್ಲ. ಬಾಗಿಲು 'ಇಷ್ಟಕ್ಕೆ ತೆರೆ ಇಷ್ಟಕ್ಕೆ ಮುಚ್ಚು' ಎಂದು ಬೆಂಗಳೂರಿನಲ್ಲಿ ಕೂತು ಹೇಳುವ ಬದಲು, ಆ ಊರಿನ ಹೊಲ ಯಾವಾಗ ಏಳುತ್ತದೆ ಎಂದು ಆ ಊರಿನ ತಾಯಂದಿರನ್ನು ಕೇಳಲಿ. ಇನ್ನು ಆ ಫೋನು. ಹಸಿದ ಕೂಸು ಎದುರಿಗೆ ಕೂತಾಗ ಅದರ ಅವ್ವನ ಹೆಸರು ಯಾವ ಊರಲ್ಲಿದೆ ಎಂದು ಕೇಳುವ ಫೋನನ್ನು ಬದಿಗಿಡಲಿ. ಮೊದಲು ಉಣ್ಣಿಸಿ, ಆಮೇಲೆ ಬರೆದುಕೊಳ್ಳಲಿ. ಕಾಶಿನಾಥ ಮಾಸ್ತರರು ಮಾಡಿದ್ದು ಅದೇ ಅಲ್ಲವೇ? ಮಾಸ್ತರರ ಒಳ್ಳೆಯತನದ ಮೇಲೆ ಬಿಡದೆ ಅದನ್ನೂ ಕಾಯಿದೆಯಾಗಿ ಎಲ್ಲ ಕಡೆ ನಡೆಸಿ, ಗ್ಯಾಂಗು ಎಲ್ಲಿ ಬಿದ್ದಿದೆಯೋ ಅಲ್ಲಿನ ಶಾಲೆಗೆ ಮಕ್ಕಳನ್ನು ತಾವೇ ಕರೆಯಲಿ. ನಿಮ್ಮ ಪಗಾರದ ಬೇಡಿಕೆ ಬಿಡಬೇಡಿ, ಅದು ನ್ಯಾಯದ್ದು. ಅದರ ಬಾಜೂಕ್ಕೆ ಇದನ್ನು ಇಡಿ. ಆಗ ನೀವು ಬಾಗಿಲು ಮುಚ್ಚಿದಾಗ ಈ ತಾಯಂದಿರು ನಿಮ್ಮನ್ನು ಶಪಿಸುವುದಿಲ್ಲ, ಬಂದು ನಿಮ್ಮ ಹಿಂದೆ ನಿಲ್ಲುತ್ತಾರೆ. ಇಲ್ಲವಾದರೆ ಪ್ರತಿ ಸಲ ಯಾರೋ ಒಬ್ಬ ಅತ್ತೆಯನ್ನು ಹುಡುಕಿ ಫೋಟೋ ತೆಗೆಯುವುದು ಅವರಿಗೆ ಸಲೀಸು.

ಇದನ್ನು ಇಷ್ಟು ಅವಸರದಿಂದ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳಿ ಮುಗಿಸುತ್ತೇನೆ. ಈಶ್ವರನ ಕಬ್ಬು ಈ ವಾರ ಮುಗಿಯುತ್ತದೆ. ಗ್ಯಾಂಗು ಮೊದಲು ಅಂಕಲಗಿಗೆ, ಅಲ್ಲಿಂದ ಮೂಡಲಗಿ ಕಡೆಗೆ ಹೋಗುತ್ತದೆ. ಗುಡ್ಡವ್ವನನ್ನು ನಮ್ಮಲ್ಲೇ ಬಿಟ್ಟು ಹೋಗು, ಹೋಳಿ ಹುಣ್ಣಿಮೆಯ ತನಕ ದೀಪಾಳ ಜೊತೆ ಶಾಲೆಗೆ ಹೋಗಲಿ ಎಂದು ಯಲ್ಲವ್ವನಿಗೆ ಹೇಳಿ ನೋಡಿದೆ. ಅವಳು, 'ಆಕಿನ ಬಿಟ್ಟಹ್ವಾದ್ರ ಕೂಸಿನ ಯಾರ ಹಿಡೀಬೇಕ ಯಮ್ಮಾ?' ಎಂದಳು. ಮತ್ತೆ ಕೇಳಿದಳು, 'ಮೂಡಲಗ್ಯಾಗ ನಿಮ್ಮಂತಾಕಿ ಯಾರರೆ ಅದಾರೇನ್ರಿ?' ಸುಮನಾ, ಆ ಮಾತು ಕೇಳಿಯೇ ನಾನು ಈ ಪತ್ರ ಬರೆಯಲು ಕೂತೆ. ಪದ್ಮವ್ವ ಎಂಬ ಮುದುಕಿ ಒಂದೂರಲ್ಲಿ ಇರುತ್ತಾಳೆ, ಇನ್ನೊಂದೂರಲ್ಲಿ ಇರುವುದಿಲ್ಲ. ಇದ್ದರೂ ಅವಳ ಮಂಡಿ ಎಷ್ಟು ವರ್ಷ ಬಂದೀತು? ಕಾಯಿದೆಯಾದರೆ ಹುಕ್ಕೇರಿಯಲ್ಲೂ ಅದೇ, ಗೋಕಾಕದಲ್ಲೂ ಅದೇ, ಮೂಡಲಗಿಯಲ್ಲೂ ಅದೇ. ಅದಕ್ಕೇ ಹೇಳುವುದು, ನನ್ನಂಥವಳ ಕಕುಲಾತಿಯನ್ನು ಹೊಗಳುವುದು ಬಿಟ್ಟು ಅದು ಬೇಕಾಗದ ಹಾಗೆ ಮಾಡಿಸಿಕೊಂಡು ಬಾ.

ಗುಡ್ಡವ್ವ ಇನ್ನೂ ನಾಲ್ಕು ದಿನ ಶಾಲೆಗೆ ಹೋಗುತ್ತಾಳೆ. ಅಷ್ಟರಲ್ಲಿ ಕಾಯಿದೆ ಆಗುವುದಿಲ್ಲ ಎಂದು ನನಗೂ ಗೊತ್ತು, ನಾನು ಅಷ್ಟು ದಡ್ಡಿಯಲ್ಲ. ಮುಂದಿನ ದಸರೆಗೆ ಅವರು ಮತ್ತೆ ಬರುತ್ತಾರೆ, ಅಷ್ಟರಲ್ಲಿ ಆದರೂ ಆಗಲಿ. ಆಮ್ರಪಾಲಿಯ ಚೀಲದಲ್ಲಿ ಶೇಂಗಾ ಚಟ್ನಿ, ಸಜ್ಜೆಯ ರೊಟ್ಟಿ ಇಟ್ಟಿದ್ದೇನೆ. ರೊಟ್ಟಿ ಬಡಿದದ್ದು ಯಲ್ಲವ್ವ, ಹೆದರದೆ ತಿನ್ನು. ನಿನ್ನನ್ನು ಚುಚ್ಚಿದವರಿಗೂ ಕೊಡು, ಬಾಯಿ ತುಂಬಿದರೆ ಮಾತು ಕಮ್ಮಿಯಾಗುತ್ತದೆ. ಆಗಲೇ ಹೇಳಿದ ಆ ಇನ್ನೊಂದು ಆಶೀರ್ವಾದ ಇಲ್ಲಿದೆ, ತೆಗೆದುಕೋ: ಗಂಟಲು ಗಟ್ಟಿ ಇರಲಿ, ಬೆನ್ನು ನೆಟ್ಟಗಿರಲಿ, ಬರುವಾಗ ಬರಿಗೈಯಲ್ಲಿ ಬರಬೇಡ. ದೀಪಾ ಮುತ್ತು ಕಳಿಸಿದ್ದಾಳೆ. ಸೂರಜ ಏನೂ ಕಳಿಸಿಲ್ಲ, ಆದರೆ ಈಗ ಡಬ್ಬಿ ಹಿಂದಕ್ಕೆ ತರುವ ಮುಂಚೆ ದಿನಾ ಇಳಿದು ಸುತ್ತು ಹಾಕಿ ನೋಡುತ್ತಾನೆ.

ನಿನ್ನ ಅತ್ತೆ,
ಪದ್ಮವ್ವ

ತಾ.ಕ.: ಆಮ್ರಪಾಲಿ ಗಾಡಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಪತ್ರದ ಜೊತೆ ದೀಪಾಳ ರಿಬ್ಬನ್ನಿನಲ್ಲಿ ಕಟ್ಟಿ ಕಳಿಸಿದ್ದು ಅಂಗನವಾಡಿಯ ಚಾವಿ. ದಾಕ್ಷಾಯಿಣಿ ಮೇಡಂ ನಾಳೆ ಅದನ್ನು ಕೇಳಲು ಬರುತ್ತಾಳೆ. ಅವಳಿಗೆ ಇಲ್ಲ ಎನ್ನುವುದು ನನಗೆ ಕಷ್ಟವಲ್ಲ. ಆದರೆ ನಸುಕಿನಲ್ಲಿ ವಿಹಾರದ ಕೂಸುಗಳು ನೀರಿಗೆ ಅತ್ತರೆ, ಚಾವಿ ನನ್ನ ಸೊಂಟದಲ್ಲಿದ್ದರೆ, ನಾನು ತೆಗೆದೇ ತೆಗೆಯುತ್ತೇನೆ. ನಿನ್ನ ಸಂಘಕ್ಕೆ ನನ್ನ ಮೇಲೆ ನಂಬಿಕೆ ಇಲ್ಲವಂತೆ, ಸರಿಯಾಗಿಯೇ ಇದೆ, ನನಗೂ ಇಲ್ಲ. ಚಾವಿ ನಿನ್ನ ಹತ್ತಿರವೇ ಇರಲಿ. ನಸುಕಿನ ಮಾತು ಬೇಡಿಕೆಯಲ್ಲಿ ಸೇರಿತು ಎಂದು ಒಂದು ಫೋನು ಮಾಡು, ಈ ಸಲ ನಾನು ಮಾತು ಮುಗಿಸುವ ತನಕ ಕಟ್ ಮಾಡಬೇಡ. ಮೆಂತ್ಯೆಗೆ ಇನ್ನು ಮೇಲೆ ನಮ್ಮ ಮನೆಯ ನೀರು ಹೊತ್ತು ತಂದು ಗೋಡೆಯ ಹೊರಗಿನಿಂದ ಎರಚುತ್ತೇನೆ.